ಅತ್ತೆಮ್ಮ ನೋಡಬೇಕೆಂದ ಊರು

ಹೊಳಲು, ಮಂಡ್ಯ ತಾಲ್ಲೂಕು
೨೦ನೇ ಜನವರಿ ೧೯೪೭

ಯಜಮಾನರಾದ ಸಿದ್ದರಾಜು ಅವರಿಗೆ ಮಲ್ಲಿಗಮ್ಮ ಮಾಡುವ ನಮಸ್ಕಾರಗಳು. ನಾನೂ ನಿಮ್ಮ ಅವ್ವನೂ ದೇವರ ದಯದಿಂದ ಕ್ಷೇಮವಾಗಿದ್ದೇವೆ. ನೀವು ಕ್ಷೇಮವಾಗಿದ್ದೀರೆಂದು ಪೀರ್ ಪಾಷಾ ಅವರಿಂದ ತಿಳಿದಿದೆ.

ಇಷ್ಟು ಬರೆಯುವುದಕ್ಕೆ ನನಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ನೀವು ಊರು ಬಿಟ್ಟು ಹತ್ತು ವರ್ಷವಾಯಿತು, ನಿಮ್ಮ ಕೊನೆಯ ಕಾಗದ ಬಂದು ಎಂಟು ವರ್ಷ. ಏನೆಂದು ಶುರು ಮಾಡಬೇಕೋ ತಿಳಿಯಲಿಲ್ಲ. ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಓದಲು ನಿಮಗೆ ಧೈರ್ಯ ಬಾರದೆ ಹೋದೀತು. ಇದು ಜಗಳದ ಕಾಗದವಲ್ಲ. ಯಾಕೆ ಬರಲಿಲ್ಲ, ಯಾಕೆ ಬರೆಯಲಿಲ್ಲ ಎಂದು ಇದರಲ್ಲಿ ಎಲ್ಲೂ ಕೇಳಿಲ್ಲ.

ನಿಮ್ಮ ಅವ್ವನಿಗೆ ಕೊಲಂಬೊ ಊರು ನೋಡಬೇಕಂತೆ. ಏಪ್ರಿಲಿನಲ್ಲಿ ಸ್ಕೂಲಿಗೆ ರಜ ಬಂದ ಮೇಲೆ ಅವರನ್ನು ಕರೆದುಕೊಂಡು ಬರುತ್ತಿದ್ದೇನೆ. ನಾಲ್ಕು ದಿನ ಇದ್ದು, ಊರು ನೋಡಿಕೊಂಡು, ವಾಪಸು ಹೊರಡುತ್ತೇವೆ. ಅದನ್ನು ತಿಳಿಸುವುದಕ್ಕೇ ಈ ಕಾಗದ.

ಸ್ಕೂಲು ಎಂದರೆ ನಿಮಗೆ ಅರ್ಥವಾಗಲಿಕ್ಕಿಲ್ಲ. ನಾನೀಗ ಹೊಳಲಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಮೇಡಮ್ಮ. ಅದು ಹೇಗಾಯಿತೆಂದು ಹೇಳುತ್ತೇನೆ. ನಿಮ್ಮ ಕಾಗದ ನಿಂತ ವರ್ಷ ನನ್ನ ಅಪ್ಪ ಮಳವಳ್ಳಿಯಿಂದ ಗಾಡಿ ಕಟ್ಟಿಕೊಂಡು ನನ್ನನ್ನು ಕರೆದೊಯ್ಯಲು ಬಂದರು. ನಾನು ಗಂಟು ಕಟ್ಟಿ ಕೂತಿದ್ದೆ. ಅತ್ತೆಮ್ಮ ನನ್ನನ್ನು ಹಿತ್ತಲಿಗೆ ಕರೆದು, ಬೆಲ್ಲ ಸುತ್ತಿಕೊಂಡು ಬಂದ ಕಾಗದವನ್ನೆಲ್ಲ ನಾನು ಬಿಡದೆ ಓದುವುದನ್ನು ತಾವು ನೋಡಿರುವುದಾಗಿ ಹೇಳಿದರು. ಆಮೇಲೆ ಹೇಳಿದ ಮಾತು ನನಗೆ ಇಂದಿಗೂ ಹಾಗೇ ಕಿವಿಯಲ್ಲಿದೆ. "ಇಲ್ಲೇ ಇರು ಅನ್ನಾಕೆ ನಂಗೆ ಬಾಯಿಲ್ಲ ಕಣಮ್ಮಿ. ಓಗು ಅನ್ನಾಕೆ ಮನಸಿಲ್ಲ. ಓದ್ತೀಯಾ?"

ಅಪ್ಪನ ಗಾಡಿ ಬರಿದಾಗಿ ಹೋಯಿತು. ಅತ್ತೆಮ್ಮ ತಾವೇ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಟ್ರೈನಿಂಗಿಗೆ ಸೇರಿಸಿದರು. ಅವರಿಗೆ ಅಕ್ಷರ ಬಾರದು. ಅರ್ಜಿ ತೆಗೆದುಕೊಳ್ಳುವ ಗುಮಾಸ್ತರ ಮುಂದೆ ಹೆಬ್ಬೆಟ್ಟು ಒತ್ತಿ, ಅವರು ಬೇಡವೆಂದರೂ ಕೇಳದೆ, ಸಂಜೆಯ ತನಕ ಪಡಸಾಲೆಯಲ್ಲಿ ಕೂತೇ ಇದ್ದರು. ಊರಿನಲ್ಲಿ ಮಾತು ಎದ್ದಿತು. ನಿಮ್ಮ ಚಿಕ್ಕಪ್ಪ ಬೋರಯ್ಯನವರು ಜಗಲಿಗೇ ಬಂದು, ಗಂಡ ಬಿಟ್ಟವಳನ್ನು ಪಟ್ಟಣಕ್ಕೆ ಕಳಿಸಿದರೆ ಮನೆತನದ ಮಾನ ಉಳಿಯುತ್ತದೆಯೇ ಎಂದು ಕೇಳಿದರು. ಅತ್ತೆಮ್ಮ ರಾಗಿ ಕೇರುತ್ತಿದ್ದವರು ಮೊರ ಕೆಳಗಿಡಲಿಲ್ಲ. "ಬುಟ್ಟೋದವನು ನನ್ನ ಮಗ. ಇವಳು ಯಾರನ್ನೂ ಬುಟ್ಟಿಲ್ಲ," ಎಂದರು. ನಾನು ಮೈಸೂರಿನಲ್ಲಿದ್ದ ಎರಡು ವರ್ಷ ಗದ್ದೆ, ದನ, ಮನೆ ಎಲ್ಲವನ್ನೂ ಒಬ್ಬರೇ ನೋಡಿಕೊಂಡರು.

ಇದನ್ನೆಲ್ಲ ನಿಮ್ಮನ್ನು ನೋಯಿಸಲೆಂದು ಬರೆಯುತ್ತಿಲ್ಲ. ನಿಮ್ಮ ಕೈ ಹಿಡಿದದ್ದರಿಂದ ನನಗೆ ಏನು ಸಿಕ್ಕಿತು ಎಂದು ಈ ಊರಿನವರು ಮರುಕದಿಂದ ಕೇಳುತ್ತಾರೆ. ನಿಮ್ಮ ಅವ್ವ ಸಿಕ್ಕಿದರು. ಅಂಥವರು ಎಲ್ಲರಿಗೂ ಸಿಕ್ಕುವುದಿಲ್ಲ. ಅದಕ್ಕಾಗಿ ನಿಮಗೆ ಕೃತಜ್ಞಳಾಗಿದ್ದೇನೆ. ವ್ಯಂಗ್ಯವೆಂದು ತಿಳಿಯಬೇಡಿ, ಮನಸ್ಸಿಟ್ಟೇ ಬರೆದಿದ್ದೇನೆ.

ಯುದ್ಧದ ಕಾಲದಲ್ಲಿ, ನಲವತ್ತೆರಡನೇ ಇಸವಿಯಲ್ಲಿ, ಕೊಲಂಬೊ ಮೇಲೆ ಜಪಾನಿನವರು ಬಾಂಬು ಹಾಕಿದರೆಂದು ಪತ್ರಿಕೆಯಲ್ಲಿ ಬಂತು. ಅದನ್ನು ಅತ್ತೆಮ್ಮನಿಗೆ ನಾನೇ ಓದಿ ಹೇಳಬೇಕಾಯಿತು. ಅವರು ಅಳಲಿಲ್ಲ. ಬಂದರಿನ ಹತ್ತಿರವಾ, ಊರೊಳಗಾ ಎಂದು ಮಾತ್ರ ಕೇಳಿದರು. ಬಂದರಿನಲ್ಲಿ ಎಂದೆ. ನೀವು ಬಂದರಿನಲ್ಲೇ ಲಾರಿ ಓಡಿಸುತ್ತಿದ್ದಿರೆಂದು ಇಬ್ಬರಿಗೂ ಗೊತ್ತಿತ್ತು. ಅಂದಿನಿಂದ ಮೂರು ವರ್ಷ ಅವರು ನಿಮ್ಮ ಹೆಸರೆತ್ತಲಿಲ್ಲ. ಆದರೆ ಹಬ್ಬದ ದಿನ ಹಿರಿಯರಿಗೆ ಎಡೆ ಇಡುವಾಗ ನಿಮ್ಮ ಹೆಸರಿನಲ್ಲಿ ಇಡಲು ಯಾರಿಗೂ ಬಿಡಲಿಲ್ಲ. ಬೋರಯ್ಯನವರು ಒಮ್ಮೆ ಆ ಮಾತು ತೆಗೆದಾಗ ಎದ್ದು ಹೊರಗೆ ಹೋದರು.

ಆಮೇಲೆ ನಲವತ್ತೈದರಲ್ಲಿ ಜೈನಾಬ್ ಬೀ ಬಂದರು. ಮಂಡ್ಯದ ನಜೀರ್ ಅಹ್ಮದ್ ಎಂದರೆ ನಿಮಗೆ ನೆನಪಿರಬೇಕು, ಕಬ್ಬಿನ ಗಾಣ ರಿಪೇರಿ ಮಾಡುವವರು. ಜೈನಾಬ್ ಬೀ ಅವರ ಹೆಂಡತಿ, ಪೀರ್ ಪಾಷಾ ಅವರ ಅಕ್ಕ. ತನ್ನ ತಮ್ಮ ಕೊಲಂಬೊದಲ್ಲಿ ಮೋಟಾರು ವರ್ಕ್‌ಶಾಪು ಇಟ್ಟಿದ್ದಾನೆ, ಅಲ್ಲಿಗೆ ಬ್ರೇಕು ಕಟ್ಟಿಸಲು ಬಂದ ಲಾರಿ ಡ್ರೈವರು ಮಂಡ್ಯದ ಮಾತಾಡಿದನಂತೆ, ಅವನು ನಿಮ್ಮ ಸಿದ್ದರಾಜುವೇ ಎಂದು ಓಡೋಡಿ ಬಂದು ಹೇಳಿದರು. ಅತ್ತೆಮ್ಮ ಜೈನಾಬ್ ಬೀಯ ಎರಡೂ ಕೈ ಹಿಡಿದುಕೊಂಡು ಕೂತುಬಿಟ್ಟರು. ಆಮೇಲೆ, ಊಟ ಮಾಡಿಕೊಂಡು ಹೋಗು ಎಂದರು. ಅಷ್ಟೇ.

ಜೈನಾಬ್ ಬೀ ಇನ್ನೊಂದು ಸಂಗತಿಯನ್ನು ನನಗೆ ಮಾತ್ರ ಹೇಳಿದರು. ನಿಮಗೆ ಅಲ್ಲಿ ಸಂಸಾರವಿದೆ, ಮಕ್ಕಳಿವೆ ಎಂದು. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಸ್ಕೂಲಿನಲ್ಲಿ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದಾಗ ನನಗೆ ಹಸಿವಾಯಿತು. ಅಲ್ಲಿಗೆ ಅದು ಮುಗಿಯಿತು ಎಂದರೆ ಸುಳ್ಳಾಗುತ್ತದೆ, ಆದರೆ ಬದುಕಬಲ್ಲೆ ಎಂದು ಗೊತ್ತಾಯಿತು. ಅತ್ತೆಮ್ಮನಿಗೆ ಈ ಸಂಗತಿ ತಿಳಿಸಿಲ್ಲ. ಮಗ ಬದುಕಿದ್ದಾನೆಂಬ ಸಂತೋಷಕ್ಕೆ ನಾನೇಕೆ ಹುಳಿ ಹಿಂಡಲಿ?

ಹೋದ ದೀಪಾವಳಿ ಕಳೆದ ಮೇಲೆ ಅವರು ಕೊಲಂಬೊ ಬಗ್ಗೆ ವಿಚಾರಿಸತೊಡಗಿದರು. ನಿಮ್ಮ ಬಗ್ಗೆ ಅಲ್ಲ, ಊರಿನ ಬಗ್ಗೆ. ಅಲ್ಲಿ ನೋಡುವಂಥದ್ದು ಏನಿದೆ, ಕಡಲು ಮನೆಗಳ ಹತ್ತಿರವೇ ಬರುತ್ತದೆಯೇ, ಜನ ಏನು ತಿನ್ನುತ್ತಾರೆ. ಒಂದು ದಿನ ಸ್ಕೂಲಿಗೇ ಬಂದು ಗೋಡೆಯ ಮೇಲಿನ ನಕಾಸೆಯಲ್ಲಿ ತೋರಿಸು ಎಂದರು. ತೋರಿಸಿದೆ. ಮಾವಿನಕಾಯಿ ತೊಟ್ಟು ಕಳಚಿ ಬಿದ್ದ ಹಾಗಿದೆ ಎಂದು ಅದರ ಮೇಲೆ ಬೆರಳಿಟ್ಟು ನಿಂತರು. ಅಂದು ಸಂಜೆಯೇ, ತಾವು ಹುಟ್ಟಿದಾಗಿನಿಂದ ಒಂದೂರೂ ಸರಿಯಾಗಿ ನೋಡಿಲ್ಲ, ಸಾಯುವುದರೊಳಗೆ ನೋಡುವುದಾದರೆ ಆ ಊರನ್ನೇ ನೋಡಬೇಕು ಎಂದರು. ನಾನು ಆಗಲಿ ಎಂದೆ. ಇಬ್ಬರೂ ನಿಮ್ಮ ಹೆಸರು ಹೇಳಲಿಲ್ಲ.

ನಜೀರ್ ಅಹ್ಮದರೂ ಜೈನಾಬ್ ಬೀಯೂ ಹೇಗಿದ್ದರೂ ತಮ್ಮನನ್ನು ನೋಡಲು ಏಪ್ರಿಲಿನಲ್ಲಿ ಹೊರಡುವವರಿದ್ದರು. ಜೊತೆಗೆ ಬನ್ನಿ, ನಮ್ಮವರಿದ್ದಾಗ ನಿಮಗೇನು ಭಯ ಎಂದರು. ಬೆಂಗಳೂರಿನಿಂದ ತಿರುಚನಾಪಳ್ಳಿ, ಅಲ್ಲಿಂದ ಧನುಷ್ಕೋಟಿಯವರೆಗೆ ರೈಲು, ಆಮೇಲೆ ಹಡಗು, ಆ ದಡದಲ್ಲಿ ಮತ್ತೆ ರೈಲು. ಬೋರಯ್ಯನವರು ಮತ್ತೆ ಬಂದರು. ವಯಸ್ಸಾದ ವಿಧವೆ ಹೆಂಗಸು ಸಮುದ್ರ ದಾಟುವುದುಂಟೇ, ಅದೂ ಲಂಕೆಗೆ ಎಂದರು. ಅತ್ತೆಮ್ಮನಿಗೆ ಅಂದು ಒಳ್ಳೆಯ ಹುರುಪು. "ರಾಮದೇವರು ಸೇತುವೆ ಕಟ್ಕೊಂಡು ಓದ. ನಮಗೆ ಆ ತಾಪತ್ರಯ ಇಲ್ಲ ಬೋರಯ್ಯ, ಟಿಕೀಟು ತಕ್ಕೊಂಡು ಓಯ್ತೀವಿ," ಎಂದರು.

ಮಂಡ್ಯದ ಆಸ್ಪತ್ರೆಯಲ್ಲಿ ಇಬ್ಬರೂ ಕಾಲರಾ ಇಂಜೆಕ್ಷನ್ನು ಹಾಕಿಸಿಕೊಂಡೆವು. ಅದಿಲ್ಲದೆ ಹಡಗಿಗೆ ಬಿಡುವುದಿಲ್ಲವಂತೆ. ಅತ್ತೆಮ್ಮನಿಗೆ ಅದರಿಂದ ಜ್ವರ ಬಂತು. ಜ್ವರದ ಬಿಸಿಯಲ್ಲಿ ಒಮ್ಮೆ ಕಣ್ಣು ತೆರೆದು, "ಅವನು ಉಂಡ್ನಾ?" ಎಂದರು. ನಾನು ಹೂಂ ಎಂದೆ. ಜ್ವರ ಇಳಿದ ಮೇಲೆ ಎದ್ದು ಕೂತು, ಕೊಲಂಬೊದ ಆ ದೀಪದ ಗೋಪುರ ಎಷ್ಟೆತ್ತರ ಎಂದು ಕೇಳಿದರು. ಈ ಪ್ರವಾಸ ಏತಕ್ಕೆಂದು ನನಗೆ ಮೊದಲೂ ತಿಳಿದಿತ್ತು. ಅಂದು ಮಾತ್ರ, ಏನಾದರೂ ಸರಿ ಇವರನ್ನು ಅಲ್ಲಿಗೆ ಮುಟ್ಟಿಸಲೇಬೇಕು ಎಂದು ನಿಶ್ಚಯ ಮಾಡಿಕೊಂಡೆ.

ಯಾವ ದಿನ ಏನು ನೋಡಬೇಕೆಂದು ಅವರೇ ಗೊತ್ತು ಮಾಡಿದ್ದಾರೆ. ಮೊದಲ ದಿನ ಬಂದರು, ಹಡಗುಗಳು, ಬೀದಿಯ ನಡುವೆ ಗಡಿಯಾರದ ಮೇಲೆ ದೀಪವಿರುವ ಆ ಗೋಪುರ. ಎರಡನೆಯ ದಿನ ಟ್ರಾಂ ಬಂಡಿ ಹತ್ತಿ ಪೇಟೆ, ಸಂಜೆಗೆ ಕಡಲ ದಂಡೆಯ ಗಾಲ್ ಫೇಸ್ ಬಯಲು. ಕೊನೆಯ ದಿನ ಮೃಗಾಲಯದ ಆನೆಗಳು. ಮೂರನೆಯ ದಿನಕ್ಕೆ ಏನು ಎಂದು ಕೇಳಿದೆ. ಹೊಸ್ತಿಲ ಕಡೆ ತಿರುಗಿಕೊಂಡು ಹೇಳಿದರು. "ಆವತ್ತಿಗೆ ಏನೂ ಬ್ಯಾಡ. ಸುತ್ತಿ ಸುತ್ತಿ ಕಾಲು ನೋಯ್ತಿರ್ತವೆ. ಸುಮ್ನೆ ಕೂತ್ಕೊಳವ. ಯಾರಾರ ಕಂಡೋರು ಸಿಕ್ಕುದ್ರೆ ಮಾತಾಡ್ಬೋದು."

ಆ ಮೂರನೆಯ ದಿನಕ್ಕಾಗಿಯೇ ಈ ಕಾಗದ ಬರೆದೆ. ಪೀರ್ ಪಾಷಾ ಅವರ ಮನೆಯಲ್ಲಿ ಇಳಿಯುತ್ತೇವೆ. ಆ ಒಂದು ದಿನ ಬಂದು ಅವ್ವನ ಮುಂದೆ ಕೂತು ಹೋಗಿ. ನಿಮ್ಮ ಸಂಸಾರದ ಮಾತನ್ನು ಅವರಿಗೆ ಹೇಳುವುದು ಬಿಡುವುದು ನಿಮಗೇ ಬಿಟ್ಟದ್ದು. ನಾನು ಬೇಕಾದರೆ ಜೈನಾಬ್ ಬೀ ಜೊತೆ ಪೇಟೆಗೆ ಹೋಗಿರುತ್ತೇನೆ. ನನಗಾಗಿ ಏನನ್ನೂ ಕೇಳುತ್ತಿಲ್ಲ.

ನಿಮ್ಮ ಅವ್ವನ ಸೊಸೆ,
ಮಲ್ಲಿಗಮ್ಮ


ಕೊಲಂಬೊ
೯ನೇ ಫೆಬ್ರವರಿ ೧೯೪೭

ಮೇಡಮ್ಮ ಮಲ್ಲಿಗಮ್ಮನವರಿಗೆ ಪೀರ್ ಪಾಷಾ ಮಾಡುವ ಸಲಾಮು. ಅಮ್ಮ ದೇವಿರಮ್ಮನವರಿಗೂ ನನ್ನ ಸಲಾಮು ತಿಳಿಸಿ. ನಾನು ಮಂಡ್ಯದಲ್ಲಿ ಮೂರನೇ ಕ್ಲಾಸಿನವರೆಗೆ ಕನ್ನಡ ಕಲಿತವನು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಈ ಕಾಗದ ನನ್ನದಲ್ಲ. ಸಿದ್ದರಾಜು ಮನೆಯಾಕೆ ಪಾಕ್ಯಂ ಎದುರಿಗೆ ಕೂತಿದ್ದಾರೆ. ಅವರು ತಮಿಳಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮುಂದಿನದೆಲ್ಲ ಅವರ ಮಾತು.

ಅಕ್ಕ, ನಿಮ್ಮನ್ನು ಅಕ್ಕ ಎಂದು ಕರೆಯಬಹುದೋ ಇಲ್ಲವೋ ತಿಳಿಯದು. ಬೇರೆ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ನಿಮ್ಮ ಕಾಗದ ಬಂದ ದಿನ ಇವರು ಅದನ್ನು ಓದಿ, ಮಡಿಸಿ ಜೇಬಿಗಿಟ್ಟುಕೊಂಡು, ಲಾರಿ ಹತ್ತಿ ಹೋದರು. ಮಾರನೆಯ ದಿನ ಬಂದರು. ಕೇಳಿದೆ. ಎಲ್ಲ ಹೇಳಿದರು. ಊರಿನಲ್ಲಿ ತಮಗೆ ಯಾರೂ ಇಲ್ಲವೆಂದು ಇಷ್ಟು ದಿನ ಹೇಳಿದ್ದರು. ತಾಯಿ ಇದ್ದಾರೆ, ಕಟ್ಟಿಕೊಂಡ ಹೆಂಡತಿ ಇದ್ದಾರೆ ಎಂದು ನನಗೆ ಅಂದೇ ಗೊತ್ತಾದದ್ದು. ನಾನು ಮಕ್ಕಳನ್ನು ಕಟ್ಟಿಕೊಂಡು ನನ್ನ ಒಡಹುಟ್ಟಿದ ಅಣ್ಣನ ಮನೆಗೆ ಹೋದೆ. ನಾಲ್ಕು ದಿನ ತಿರುಗಿ ಬರಲಿಲ್ಲ.

ಆಮೇಲೆ ಬಂದು, ಆ ಕಾಗದವನ್ನು ಕಸಿದುಕೊಂಡು ಪಾಷಾ ಅಣ್ಣನ ಹತ್ತಿರ ತಂದು ಓದಿಸಿದೆ. ಒಮ್ಮೆ ಓದಿದರು. ಇನ್ನೊಮ್ಮೆ ಓದಿ ಎಂದೆ. ಅದರಲ್ಲಿ ನನ್ನನ್ನು ಬಯ್ದ ಒಂದು ಮಾತಾದರೂ ಇರುತ್ತದೆಂದು ಕಾದೆ. ಇರಲಿಲ್ಲ.

ಅಕ್ಕ, ಬಾಂಬು ಬಿದ್ದ ದಿನ ನಾನು ಬಂದರಿನ ಗೇಟಿನಲ್ಲಿ ಅಕ್ಕಿ ದೋಸೆಯಂಥ ಆಪ್ಪ ಸುಟ್ಟು ಮಾರುತ್ತಿದ್ದೆ. ಎಲ್ಲರೂ ಓಡಿದರು. ನಾನು ಒಲೆ ಬಿಟ್ಟು ಹೇಗೆ ಹೋಗಲಿ ಎಂದು ನಿಂತಿದ್ದೆ. ಇವರು ಬಂದು ರಟ್ಟೆ ಹಿಡಿದು ಎಳೆದು ಲಾರಿಯಡಿಗೆ ತಳ್ಳಿದರು. ಗುರುತು ಪರಿಚಯ ಇರಲಿಲ್ಲ. ನಾನು ಬದುಕಿದ್ದು ಇವರಿಂದ. ಇವರು ಕೆಟ್ಟವರಲ್ಲ ಎಂದು ನಿಮಗೆ ಹೇಳಬೇಕೆನಿಸಿತು, ನನಗಿಂತ ಮೊದಲು ನಿಮಗೆ ಅದು ಗೊತ್ತಿರಬೇಕು. ಯಾಕೆ ಊರಿಗೆ ಬರೆಯಲಿಲ್ಲ ಎಂದು ಕೇಳಿದೆ. ಲಾರಿ ಮಗುಚಿ ಕೆಲಸ ಹೋಗಿತ್ತಂತೆ. ಕೆಲಸ ಸಿಕ್ಕಿದ ಮೇಲೆ ಬರೆಯೋಣವೆಂದು ಒಂದು ತಿಂಗಳು ತಡ ಮಾಡಿದರಂತೆ. ತಡವಾಯಿತೆಂಬ ನಾಚಿಕೆಯಿಂದ ಇನ್ನೊಂದು ತಿಂಗಳು. ಹಾಗೆ ಆಗುತ್ತ ಆಗುತ್ತ ಬರೆಯುವ ಮುಖವೇ ಉಳಿಯಲಿಲ್ಲ ಎಂದರು. ಇಷ್ಟು ದೊಡ್ಡ ಲಾರಿ ಓಡಿಸುವ ಮನುಷ್ಯ ಅಷ್ಟು ಸಣ್ಣ ಕಾಗದಕ್ಕೆ ಹೆದರಿದರು.

ಈಗಲೂ ಹೆದರಿದ್ದಾರೆ. ನೀವು ಬರುವ ವಾರ ಚಹಾ ತರಲು ಲಾರಿ ತೆಗೆದುಕೊಂಡು ಕ್ಯಾಂಡಿ ಕಡೆ ಹೋಗಿಬಿಡುತ್ತೇನೆ ಎನ್ನುತ್ತಿದ್ದಾರೆ. ಅವರ ಪರವಾಗಿ ನಾನು ಮಾತು ಕೊಡಲಾರೆ. ಆದರೆ ನಾನೂ ಮಕ್ಕಳೂ ರೈಲಿನ ಹತ್ತಿರ ಬಂದು ನಿಂತಿರುತ್ತೇವೆ. ಮೂರನೆಯ ದಿನ ಅತ್ತೆಯವರ ಊಟ ನಮ್ಮ ಮನೆಯಲ್ಲೇ. ಮೀನು ಮಾಡುವುದಿಲ್ಲ.

ನಮ್ಮ ದೊಡ್ಡ ಮಗಳು ಕಣ್ಮಣಿಗೆ ಮೂರು ತುಂಬಿ ನಾಲ್ಕು ನಡೆಯುತ್ತಿದೆ. ಯಾರ ಮೇಲಾದರೂ ಕೋಪ ಬಂದರೆ 'ಓಗ್ಲಾ, ಬುಡ್ಲಾ' ಎನ್ನುತ್ತಾಳೆ. ನಮ್ಮ ಬೀದಿಯಲ್ಲಿ ಅದು ಯಾವ ಭಾಷೆಯೆಂದು ಯಾರಿಗೂ ತಿಳಿಯದು. ಪಾಷಾ ಅಣ್ಣ ಕೇಳಿ, ಇದು ನಮ್ಮೂರ ಮಾತು ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರು ಮಕ್ಕಳ ಹತ್ತಿರ ಒಬ್ಬರೇ ಇದ್ದಾಗ ಆ ಮಾತೇ ಆಡುತ್ತಿದ್ದರೆಂದು ನನಗೆ ಆಗ ತಿಳಿಯಿತು.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಿಮಗೂ ಇವರನ್ನು ನೋಡುವ ಆಸೆಯಿದೆಯೇ? ಇದ್ದರೆ ಹೇಳಿ. ಇದೆ ಎಂದರೂ ನಾನು ರೈಲಿನ ಹತ್ತಿರ ಬರುತ್ತೇನೆ.

ಪಾಕ್ಯಂ ಹೆಬ್ಬೆಟ್ಟು ಒತ್ತಿದ್ದಾರೆ.
ಬರೆದವನು ಪೀರ್ ಪಾಷಾ


ಹೊಳಲು
೨೩ನೇ ಫೆಬ್ರವರಿ ೧೯೪೭

ತಂಗಿ ಪಾಕ್ಯಂಗೆ ಮಲ್ಲಿಗಮ್ಮನ ಆಶೀರ್ವಾದಗಳು. ಕಣ್ಮಣಿಗೂ ಚಿಕ್ಕ ಮಗುವಿಗೂ ಮುತ್ತುಗಳು. ಪೀರ್ ಪಾಷಾ ಅವರು ಇದನ್ನು ನಿನಗೆ ನಿಧಾನವಾಗಿ ಓದಿ ಹೇಳಲಿ, ಅವರ ಕನ್ನಡದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲವೆಂದು ಅವರಿಗೂ ತಿಳಿಸುತ್ತೇನೆ.

ನೀನು ಅಕ್ಕ ಎಂದು ಕರೆದೆ. ನಾನು ಹಿಂದು ಮುಂದು ನೋಡದೆ ತಂಗಿ ಎಂದು ಬರೆದಿದ್ದೇನೆ. ಅಣ್ಣನ ಮನೆಯಿಂದ ನೀನು ತಿರುಗಿ ಬಂದೆಯಲ್ಲ, ಆ ನಾಲ್ಕು ದಿನ ನಿನಗೆ ಹೇಗಿತ್ತೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಿನ್ನ ಕಾಗದ ಬಂದ ಮೇಲೆ ಅತ್ತೆಮ್ಮನಿಗೆ ಇನ್ನು ಮುಚ್ಚಿಡುವುದು ಸರಿಯಲ್ಲ ಎನಿಸಿತು. ರೈಲಿನಿಂದ ಇಳಿದ ಕೂಡಲೇ ಎದುರಿಗೆ ನೀನೂ ಮಕ್ಕಳೂ ನಿಂತಿದ್ದರೆ ಆ ವಯಸ್ಸಿನವರು ಹೇಗೆ ತಡೆದುಕೊಳ್ಳುತ್ತಾರೆ? ಮಧ್ಯಾಹ್ನ ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಅತ್ತೆಮ್ಮ, ಅವರಿಗೆ ಅಲ್ಲಿ ಸಂಸಾರವಿದೆ ಎಂದೆ. ಅವರ ಕೈ ನಿಲ್ಲಲಿಲ್ಲ. ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿ, ಆಮೇಲೆ ಹೇಳಿದರು.

"ಗೊತ್ತು ಕಣಮ್ಮಿ. ಅವನಿಗೆ ಒಲೆ ಊದಾಕೂ ಬರಾಕಿಲ್ಲ. ಇಷ್ಟು ವರ್ಸ ಒಬ್ಬನೇ ಬೇಯ್ಸ್ಕೊಂಡು ತಿಂದು ಬದುಕವ್ನೆ ಅಂದ್ರೆ ನಾನು ನಂಬ್ತೀನಾ? ನಿಂಗೆ ನೋವಾಯ್ತದೆ ಅಂತ ಸುಮ್ಕಿದ್ದೆ."

ನಾನು ಅವರಿಗೆ ನೋವಾಗುತ್ತದೆಂದು ಸುಮ್ಮನಿದ್ದೆ, ಅವರು ನನಗೆ ನೋವಾಗುತ್ತದೆಂದು ಸುಮ್ಮನಿದ್ದರು. ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಮುಂದೆ ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದೇವೆ. ನನಗೆ ಅಳು ಬಂತು. ಅವರು ಸಿಪ್ಪೆಯ ಕೈಯಲ್ಲೇ ನನ್ನ ತಲೆ ಸವರಿದರು. ಆಮೇಲೆ ನಿನ್ನ ಕಾಗದವನ್ನು ಪೂರ್ತಿಯಾಗಿ ಓದಿಸಿಕೊಂಡರು. ಬಾಂಬಿನ ದಿನದ ಮಾತು ಬಂದಾಗ ನಿಲ್ಲಿಸು ಎಂದು ಸನ್ನೆ ಮಾಡಿದರು. ಅಂದು ಅವರ ಮಗ ಯಾರನ್ನೋ ಬದುಕಿಸುತ್ತಿದ್ದ. ಇಲ್ಲಿ ನಾವು ಅವನು ಹೋದನೆಂದು ಕೂತಿದ್ದೆವು. ಇನ್ನೊಂದು ಕಾಯಿ ಸುಲಿದು, ಮುಂದೆ ಓದು ಎಂದರು. ಕಣ್ಮಣಿಯ 'ಓಗ್ಲಾ, ಬುಡ್ಲಾ' ಬಂದಾಗ ನಕ್ಕ ನಗೆ ಬೀದಿಗೆ ಕೇಳಿಸಿ ಪಕ್ಕದ ಮನೆಯವರು ಬಂದು ನೋಡಿದರು. ಅತ್ತೆಮ್ಮ ಹಾಗೆ ನಕ್ಕದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ಕಂಡಿರಲಿಲ್ಲ. ಅದಕ್ಕಾಗಿ ನಿನಗೆಷ್ಟು ಹೇಳಿದರೂ ಸಾಲದು.

ಈಗ ಮನೆಯಲ್ಲಿ ಮುಚ್ಚುಮರೆ ಇಲ್ಲ. ಮೂರನೆಯ ದಿನಕ್ಕೆ ಏನೇನು ತರಬೇಕೆಂಬ ಮಾತೇ ಮಾತು. ಅಕ್ಕಿ ಸಾಗಿಸಲು ಸರ್ಕಾರ ಬಿಡುವುದಿಲ್ಲವಾದ್ದರಿಂದ ಹುರಿಹಿಟ್ಟು, ಅಚ್ಚುಬೆಲ್ಲ, ಹಪ್ಪಳ ಕಟ್ಟುತ್ತಿದ್ದಾರೆ. ಮಗುವಿಗೆ ಕಾಲ್ಗಡಗ ಮಾಡಿಸಲು ಕಾಲಿನ ಅಳತೆ ಬೇಕಂತೆ, ಒಂದು ದಾರದಲ್ಲಿ ಅಳೆದು ಕಾಗದದೊಳಗೆ ಇಟ್ಟು ಕಳಿಸು. ಮೊನ್ನೆ ಬೋರಯ್ಯನವರು ಹೊತ್ತು ನೋಡಿಕೊಂಡು, ಜಗಲಿಯಲ್ಲಿ ಯಾರೂ ಇಲ್ಲದಾಗ ಬಂದರು. ಮತ್ತೆ ಬೇಡವೆನ್ನಲು ಬಂದರೇನೋ ಎಂದುಕೊಂಡೆ. ತಮ್ಮ ಮನೆಯ ಬೀಗದ ಟ್ರಂಕನ್ನು ಹೊತ್ತು ತಂದಿದ್ದರು. ರೈಲಿನಲ್ಲಿ ಕಳ್ಳರಿರುತ್ತಾರೆ, ಬಟ್ಟೆಯ ಗಂಟು ಕಟ್ಟಿಕೊಂಡು ಹೋಗಬೇಡಿ ಎಂದು ಅದನ್ನು ಇಳಿಸಿ, ನಾವು ಮಜ್ಜಿಗೆ ಕೊಡುವುದರೊಳಗೆ ಹೊರಟೇಹೋದರು.

ಪಾಕ್ಯಂ, ನಿನ್ನ ಮನಸ್ಸಿನಲ್ಲಿ ಭಯವಿದ್ದರೆ ತೆಗೆದುಬಿಡು. ನಿನ್ನ ಮನೆಯಲ್ಲಿ ಪಾಲು ಕೇಳಲು ನಾನು ಬರುತ್ತಿಲ್ಲ. ನನಗೆ ಇಲ್ಲಿ ಮನೆಯಿದೆ, ಸ್ಕೂಲಿದೆ. ಬೆಳಿಗ್ಗೆ ನಾನು ಹೋಗುವುದು ತಡವಾದರೆ ಹುಡುಗಿಯರು ಬೀದಿಯವರೆಗೂ ಬಂದು ನೋಡುತ್ತಾರೆ. ರಜ ಮುಗಿಯುವುದರೊಳಗೆ ತಿರುಗಿ ಬಂದುಬಿಡಬೇಕು. ಅವರು ನಿನ್ನವರು, ಮಕ್ಕಳ ತಂದೆ. ಹಾಗೆಯೇ ಇರಲಿ. ಅವರಿಗೆ ನನ್ನಿಂದ ಒಂದು ಮಾತು ಹೇಳು. ಬದುಕಿರುವುದೇ ನಮಗೆ ದೊಡ್ಡದು. ಅದರ ಮುಂದೆ ಬರೆಯದ ಕಾಗದಗಳು ಲೆಕ್ಕಕ್ಕಿಲ್ಲ.

ಅತ್ತೆಮ್ಮನೂ ಒಂದು ಮಾತು ಹೇಳಿದ್ದಾರೆ. ನಾನು ಬರೆಯುವಾಗ ಪಕ್ಕದಲ್ಲೇ ಕೂತು, ಮಗನಿಗೆ ಓದಿ ಹೇಳಬೇಕೆಂದು ಹೇಳಿ ಬರೆಸಿದ್ದು. ಅವರ ಬಾಯಲ್ಲಿ ಬಂದ ಹಾಗೇ ಬರೆಯುತ್ತೇನೆ. "ಕ್ಯಾಂಡಿಗೆ ಓಗೋದಾದ್ರೆ ಓಗು ಕಣ್ಲಾ ಸಿದ್ದ. ಅದೂ ಚೆಂದಾಗೈತಂತೆ. ನಾವು ಊರು ನೋಡಾಕೆ ತಾನೆ ಬತ್ತಿರೋದು, ಅದನ್ನೂ ನೋಡ್ಕೊಂಡು ಓಯ್ತೀವಿ."

ನಿನ್ನ ಅಕ್ಕ,
ಮಲ್ಲಿಗಮ್ಮ

ಅಂಚಿನಲ್ಲಿ ಬರೆದದ್ದು: ಅತ್ತೆಮ್ಮ ಎದ್ದು ಹೋದ ಮೇಲೆ ಇದನ್ನು ಸೇರಿಸುತ್ತಿದ್ದೇನೆ. ನಿನ್ನವರನ್ನು ನೋಡುವ ಆಸೆಯಿದೆಯೇ ಎಂದು ಕೇಳಿದೆಯಲ್ಲ. ಹಿಂದೆ ಇತ್ತು. ಈಗ ಬಹಳ ಹುಡುಕಿ ನೋಡಿದೆ, ಅವರು ಚೆನ್ನಾಗಿರಲಿ ಎಂಬುದೊಂದು ಬಿಟ್ಟರೆ ಬೇರೆ ಸಿಗಲಿಲ್ಲ. ಆದರೆ ಒಂದು ಆಸೆಯಿದೆ, ಇಲ್ಲಿ ಯಾರಿಗೂ ಹೇಳಿಲ್ಲ. ಆರು ವರ್ಷದಿಂದ ಮಕ್ಕಳಿಗೆ 'ಪರ್ಯಾಯ ದ್ವೀಪವೆಂದರೆ ಮೂರು ಕಡೆ ನೀರು, ಒಂದು ಕಡೆ ನೆಲ' ಎಂದು ಪಾಠ ಹೇಳುತ್ತಿದ್ದೇನೆ, ಸಮುದ್ರ ನೋಡಿಲ್ಲ. ಎಷ್ಟು ದೊಡ್ಡದು ಮೇಡಮ್ಮ ಎಂದು ಅವರು ಕೇಳಿದಾಗ ನಮ್ಮ ಕೆರೆಯನ್ನು ತೋರಿಸಿ, ಇದಕ್ಕಿಂತ ದೊಡ್ಡದು ಎನ್ನುತ್ತೇನೆ. ಕೊಲಂಬೊ ಪ್ರವಾಸ ಅತ್ತೆಮ್ಮನಿಗಾಗಿ ಎಂದು ಊರಿಗೆಲ್ಲ ಸಾರಿದ್ದೇನೆ. ನಿನಗೆ ಮಾತ್ರ ನಿಜ ಹೇಳುತ್ತೇನೆ. ಮೂರನೆಯ ದಿನ ಅವರೆಲ್ಲ ಮಾತಿಗೆ ಕೂತಾಗ ಕಣ್ಮಣಿ ನನ್ನನ್ನು ಕಡಲ ಹತ್ತಿರ ಕರೆದುಕೊಂಡು ಹೋಗಲಿ. ಅವಳಿಗೆ ನಮ್ಮ ಮಾತು ಬರುತ್ತದೆ, ದಾರಿ ತಪ್ಪುವುದಿಲ್ಲ.